ಯಾವ ಹುಡುಗ ಕ್ಯಾಚರ್ ಆಗಿಯೇ ಉಳೀತಾನೆ? ಬೇಸ್‌ಬಾಲ್ ಡ್ರಾಫ್ಟ್ ನೋಡುವವರಿಗೆ ಒಂದು ಹೋಲಿಕೆ

ಅಮೆರಿಕದ ಮೇಜರ್ ಲೀಗ್ ತಂಡಗಳು ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳೋದಕ್ಕೆ ಡ್ರಾಫ್ಟ್ ಅಂತಾರೆ. 2008ರ ಡ್ರಾಫ್ಟ್‌ನಲ್ಲಿ ಐದನೇ ಆಯ್ಕೆ ಒಬ್ಬ ಕ್ಯಾಚರ್, ಅಂದರೆ ಬ್ಯಾಟ್ಸ್‌ಮನ್ ಹಿಂದೆ ಕೂತು ಪಿಚರ್ ಎಸೆದ ಚೆಂಡು ಹಿಡಿಯುವವನು. ಆರನೇ ಆಯ್ಕೆಯೂ ಕ್ಯಾಚರ್. ಐದನೆಯವರು ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಆಡುತ್ತಿದ್ದ ಬಸ್ಟರ್ ಪೋಸಿ, ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಸೇರಿದರು. ಆರನೆಯವರು ಕ್ಯಾಲಿಫೋರ್ನಿಯಾದ ಹೈಸ್ಕೂಲ್ ಹುಡುಗ ಕೈಲ್ ಸ್ಕಿಪ್‌ವರ್ತ್, ಮಾರ್ಲಿನ್ಸ್‌ಗೆ ಹೋದರು. ಪೋಸಿ 2010ರಲ್ಲಿ ರೂಕಿ ಆಫ್ ದಿ ಇಯರ್, 2012ರಲ್ಲಿ ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ), ಜೊತೆಗೆ ಮೂರು ವರ್ಲ್ಡ್ ಸೀರೀಸ್ (ವರ್ಷದ ಫೈನಲ್) ಗೆಲುವು. ಸ್ಕಿಪ್‌ವರ್ತ್‌ಗೆ ಮೇಜರ್ ಲೀಗ್‌ನಲ್ಲಿ ಸಿಕ್ಕಿದ್ದು 2013ರಲ್ಲಿ ನಾಲ್ಕೇ ಪಂದ್ಯ. ಅದೇ ಡ್ರಾಫ್ಟ್‌ನಲ್ಲಿ ಹತ್ತನೆಯವರಾಗಿ ಹೂಸ್ಟನ್ ಆಸ್ಟ್ರೋಸ್ ಆರಿಸಿದ ಸ್ಟ್ಯಾನ್‌ಫರ್ಡ್‌ನ ಜೇಸನ್ ಕ್ಯಾಸ್ಟ್ರೋ 2010ರಲ್ಲಿ ಮೇಲೆ ಬಂದು 2022ರವರೆಗೂ ಉಳಿದರು.

ಮೂವರೂ ಮೊದಲ ಹತ್ತರೊಳಗೇ ಹೋದವರು. ಮೂವರನ್ನೂ ಹತ್ತಾರು ಸ್ಕೌಟ್‌ಗಳು (ತಂಡಗಳಿಗೆ ಆಟಗಾರರನ್ನು ಹುಡುಕಿ ಅಳೆಯುವವರು) ವರ್ಷಗಟ್ಟಲೆ ನೋಡಿದ್ದರು. ಆದರೂ ಹೀಗಾಯ್ತು.

ನಾನಿರೋದು ಸ್ಯಾನ್ ಹೋಸೆಯಲ್ಲಿ. ಜುಲೈನಲ್ಲಿ ಡ್ರಾಫ್ಟ್ ಬಂತು ಅಂದರೆ ನಮ್ಮ ಕನ್ನಡದ ಗೆಳೆಯರ ನಡುವೆ ಇದೇ ಮಾತು. ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲುವವನು) ಬಗ್ಗೆ ಬೇಗ ಒಪ್ಪಿಗೆ ಆಗುತ್ತೆ, ಪಿಚರ್ ಆದರೆ ವೇಗ ನೋಡಿ ಒಂದಿಷ್ಟು ಹೇಳಬಹುದು, ಕ್ಯಾಚರ್ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರ ಲೆಕ್ಕವೂ ತಪ್ಪುತ್ತೆ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಇಬ್ಬರಲ್ಲಿ ಒಬ್ಬನನ್ನು ಆರಿಸಬೇಕಾದರೆ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: 25ನೇ ವಯಸ್ಸಿಗೂ ಇವನು ಪ್ಲೇಟ್ (ಬ್ಯಾಟ್ಸ್‌ಮನ್ ಹೊಡೆಯುವ ಜಾಗ) ಹಿಂದೆಯೇ ಕೂತಿರ್ತಾನಾ? ಹೊಡೆತ, ಥ್ರೋ ಎಲ್ಲ ಆಮೇಲೆ.

ಕಾರಣ ಸರಳ. ಕ್ಯಾಚರ್ ಜಾಗದಲ್ಲಿ ಚೆನ್ನಾಗಿ ಹೊಡೆಯುವವರು ತುಂಬ ಕಮ್ಮಿ. ಹಾಗಾಗಿ ಕ್ಯಾಚರ್ ಸಾಧಾರಣವಾಗಿ ಹೊಡೆದರೂ ತಂಡಕ್ಕೆ ಲಾಭ. ಅದೇ ಹುಡುಗನನ್ನು ಫಸ್ಟ್ ಬೇಸ್‌ಗೆ ಕಳಿಸಿದ ಕೂಡಲೇ ಅದೇ ಬ್ಯಾಟ್ ಸಾಲದಾಗುತ್ತೆ, ಯಾಕೆಂದರೆ ಅಲ್ಲಿ ಪಕ್ಕದ ತಂಡದವನು ವರ್ಷಕ್ಕೆ ಮೂವತ್ತು ಹೋಮ್ ರನ್ ಹೊಡೀತಿರ್ತಾನೆ.

ಸ್ಟಾಪ್‌ವಾಚ್ ಹೇಳೋದು ಎಷ್ಟು

ಮೊದಲು ಎಲ್ಲರ ಕಣ್ಣಿಗೆ ಬೀಳೋದು ಕೈಯ ಜೋರು. ಕ್ಯಾಚರ್ ಗ್ಲೌಸ್‌ಗೆ ಚೆಂಡು ಬಿದ್ದ ಕ್ಷಣದಿಂದ ಸೆಕೆಂಡ್ ಬೇಸ್‌ನಲ್ಲಿ ನಿಂತವನ ಗ್ಲೌಸ್ ಮುಟ್ಟುವವರೆಗಿನ ಹೊತ್ತನ್ನು ಪಾಪ್ ಟೈಮ್ ಅಂತಾರೆ. ದೂರ 127 ಅಡಿಗಿಂತ ಸ್ವಲ್ಪ ಜಾಸ್ತಿ. ಮೇಜರ್ ಲೀಗ್ ಸರಾಸರಿ ಸುಮಾರು 2.0 ಸೆಕೆಂಡ್. 1.9ರ ಆಸುಪಾಸಿನಲ್ಲಿ ಸತತವಾಗಿ ಎಸೆಯುವ ಜೆ.ಟಿ. ರಿಯಲ್‌ಮ್ಯೂಟೊ ತರದವರು ಬೆರಳೆಣಿಕೆಯಷ್ಟು. ಪಿಚರ್ ಕೈಯಿಂದ ಪ್ಲೇಟಿಗೆ ಬರೋಕೆ ಸುಮಾರು 1.3 ಸೆಕೆಂಡ್, ಅದಕ್ಕೆ 2.0 ಸೇರಿಸಿದರೆ 3.3. ಪಿಚರ್ ಎಸೆಯುವಾಗಲೇ ಫಸ್ಟ್ ಬೇಸ್‌ನಿಂದ ಓಡಿ ಸೆಕೆಂಡ್ ಬೇಸ್ ಕದಿಯೋಕೆ ಒಳ್ಳೆಯ ಓಟಗಾರನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹಾಗಾಗಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಬೆಲೆ ಇದೆ, ಸುಳ್ಳಲ್ಲ.

2023ರಿಂದ ಈ ಬೆಲೆ ಇನ್ನೂ ಏರಿದೆ. ಬೇಸ್‌ಗಳನ್ನು 15 ಇಂಚಿನಿಂದ 18 ಇಂಚಿಗೆ ದೊಡ್ಡದು ಮಾಡಿದರು, ಪಿಚರ್ ಎಷ್ಟು ಸಲ ಓಟಗಾರನ ಕಡೆ ತಿರುಗಿ ಎಸೆಯಬಹುದು ಅನ್ನೋದಕ್ಕೂ ಮಿತಿ ಹಾಕಿದರು. ಕದ್ದ ಬೇಸ್‌ಗಳ ಸಂಖ್ಯೆ 2022ರಲ್ಲಿ 2,486 ಇದ್ದದ್ದು 2023ರಲ್ಲಿ 3,503ಕ್ಕೆ ಹಾರಿತು.

ಆದರೂ ಇಬ್ಬರು ಹುಡುಗರನ್ನು ಹೋಲಿಸುವಾಗ ಬರೀ ಪಾಪ್ ಟೈಮ್ ನೋಡಿ ತೀರ್ಮಾನ ಮಾಡಬೇಡಿ. ಹೈಸ್ಕೂಲ್ ಹುಡುಗರ ಪ್ರದರ್ಶನ ಶಿಬಿರಗಳಲ್ಲಿ 1.9 ಅಂತ ಬರೆದುಕೊಂಡ ಸಂಖ್ಯೆಗಳು ಬೇಕಾದಷ್ಟು ಸಿಗುತ್ತವೆ. ಅಲ್ಲಿ ಬ್ಯಾಟ್ಸ್‌ಮನ್ ಇರೋದಿಲ್ಲ, ಓಟಗಾರ ಇರೋದಿಲ್ಲ, ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೊತ್ತು, ಹಾಗಾಗಿ ಹುಡುಗ ಅರ್ಧ ಎದ್ದೇ ಚೆಂಡು ಹಿಡೀತಾನೆ. ಇನ್ನಿಂಗ್ಸ್ ಮಧ್ಯೆ ಎಸೆಯುವ ಅಭ್ಯಾಸದ ಥ್ರೋ ಕೂಡ ಹಾಗೇ. ಪಂದ್ಯದಲ್ಲಿ ಓಟಗಾರ ಓಡಿದಾಗ, ಅದೂ ಪಿಚ್ (ಪಿಚರ್ ಎಸೆದ ಚೆಂಡು) ಹೊರಗೆ ಹೋದಾಗ ಅಥವಾ ಕೆಳಗೆ ಬಂದಾಗ ಎಷ್ಟಾಗುತ್ತೆ, ಅದನ್ನು ಅಳೆಯಿರಿ. ಥ್ರೋ ಎಲ್ಲಿ ಬಿತ್ತು ಅಂತಲೂ ನೋಡಿ. ಬೇಸ್‌ನ ಫಸ್ಟ್ ಬೇಸ್ ಕಡೆಗೆ, ಮಂಡಿ ಎತ್ತರದಲ್ಲಿ ಬಿದ್ದ 2.0 ಸೆಕೆಂಡಿನ ಥ್ರೋ, ತಲೆಯ ಮೇಲೆ ಹೋದ 1.88ಕ್ಕಿಂತ ಎಷ್ಟೋ ಮೇಲು.

ಕೈ ಜೋರು ಮಾತ್ರ ಇದ್ದು ಬ್ಯಾಟ್ ಇಲ್ಲದವರಿಗೆ ಇನ್ನೊಂದು ಬಾಗಿಲು ಇದೆ. ಕುರಸಾವೋ ದ್ವೀಪದ ಕೆನ್ಲಿ ಜಾನ್ಸನ್ ಡಾಡ್ಜರ್ಸ್‌ನ ಮೈನರ್ ಲೀಗ್‌ನಲ್ಲಿ (ಮೇಜರ್‌ಗೆ ತಯಾರು ಮಾಡುವ ಕೆಳಹಂತದ ಲೀಗ್) ಕ್ಯಾಚರ್ ಆಗಿದ್ದರು, 2009ರಲ್ಲಿ ಅವರನ್ನು ಪಿಚರ್ ಮಾಡಿದರು. 2010ರಲ್ಲಿ ಮೇಜರ್ ಲೀಗ್‌ಗೆ ಬಂದು ದೊಡ್ಡ ಕ್ಲೋಸರ್ (ಪಂದ್ಯ ಮುಗಿಸೋಕೆ ಕೊನೆಗೆ ಬರುವ ಪಿಚರ್) ಆದರು.

ಕೆಳಗೆ ಬರುವ ಚೆಂಡು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೇನೆ, ಯಾಕೆಂದರೆ ನನಗೆ ಎಲ್ಲಕ್ಕಿಂತ ಮುಖ್ಯ ಇದೇ.

ಕಿರ್ಮಾನಿ ಹೆಸರು ಕೇಳಿ ಬೆಳೆದ ನಮಗೆ ಕೀಪಿಂಗ್ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಆದರೆ ವಿಕೆಟ್‌ಕೀಪರ್ ಹತ್ತಿರ ಬರುವ ಚೆಂಡುಗಳಲ್ಲಿ ಬಹುಪಾಲು ಬ್ಯಾಟ್ ತಡೆದು ಉಳಿದದ್ದು. ಬೇಸ್‌ಬಾಲ್ ಕ್ಯಾಚರ್ ಒಂದು ಪಂದ್ಯದಲ್ಲಿ ಸುಮಾರು 140-150 ಪಿಚ್‌ಗೆ ಕುಕ್ಕರುಗಾಲಲ್ಲೋ ಒಂದು ಮಂಡಿ ಊರಿಯೋ ಕೂತಿರ್ತಾನೆ. ಒಂದೊಂದು ಪಿಚ್ ಹಿಡಿದಾಗಲೂ ಹಿಂದೆ ನಿಂತ ಅಂಪೈರ್ ಸ್ಟ್ರೈಕಾ (ಹೊಡೆಯುವ ಝೋನ್ ಒಳಗೆ ಬಂತಾ) ಬಾಲಾ (ಹೊರಗೆ ಹೋಯ್ತಾ) ಅಂತ ಹೇಳಬೇಕು. ಅಂಚಿನ ಪಿಚ್ ಅನ್ನು ಗ್ಲೌಸ್ ಅಲುಗಾಡದ ಹಾಗೆ ಹಿಡಿದು ಸ್ಟ್ರೈಕ್ ಮಾಡಿಸಿಕೊಳ್ಳುವ ಕಲೆಗೆ ಫ್ರೇಮಿಂಗ್ ಅಂತ ಹೆಸರು. ಕ್ಯಾಮೆರಾಗಳು ಪ್ರತಿ ಪಿಚ್‌ನ ದಾರಿಯನ್ನು ಅಳೆಯೋಕೆ ಶುರು ಮಾಡಿದ ಮೇಲೆ ಇದರ ಬೆಲೆ ಎಷ್ಟು ಅಂತ ಲೆಕ್ಕ ಸಿಕ್ಕಿತು. ಆಮೇಲೆ ತಂಡಗಳು ಹೊಡೆಯೋಕೆ ಬರದ ಕ್ಯಾಚರ್‌ಗಳನ್ನೂ ಹುಡುಕಿ ತರತೊಡಗಿದವು.

ಕಳೆದ ಬೇಸಿಗೆಯ ಒಂದು ಸಂಜೆ ಸ್ಯಾನ್ ಹೋಸೆ ಜೈಂಟ್ಸ್ ಮೈದಾನದಲ್ಲಿ ಹೋಮ್ ಪ್ಲೇಟ್ ಹಿಂದಿನ ಬಲೆಗೆ ಅಂಟಿಕೊಂಡ ಹಾಗೆ ಕೂತಿದ್ದೆ. ಇದು ಸಿಂಗಲ್-ಎ, ಮೈನರ್ ಲೀಗ್‌ನ ಕೆಳಗಿನ ಮೆಟ್ಟಿಲು. ಆಡೋರೆಲ್ಲ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದರ ಹುಡುಗರು. ಒಂದು ತಂಡದ ಕ್ಯಾಚರ್ ಇನ್ನಿಂಗ್ಸ್ ಮಧ್ಯೆ ಸೆಕೆಂಡ್ ಬೇಸ್‌ಗೆ ಎಸೆದಾಗಲೆಲ್ಲ ನನ್ನ ಪಕ್ಕದವರು ಓಹೋ ಅಂತಿದ್ದರು, ಅಂಥಾ ಕೈ. ಇನ್ನೊಂದು ತಂಡದವನ ಥ್ರೋ ಸಾಧಾರಣ. ನಾನು ಥ್ರೋ ಬಿಟ್ಟು ಮಂಡಿ ಎತ್ತರದ ಪಿಚ್‌ಗಳನ್ನು ಮಾತ್ರ ನೋಡ್ತಾ ಕೂತೆ. ಮೊದಲನೆಯವನ ಗ್ಲೌಸ್ ಚೆಂಡಿನ ಜೊತೆಗೇ ಕೆಳಗಿಳಿದು, ಹಿಡಿದ ಮೇಲೆ ಗಬಕ್ಕನೆ ಮೇಲೆ ಬರ್ತಿತ್ತು. ಅಂಪೈರ್ ಒಂದಕ್ಕೂ ಮಣಿಯಲಿಲ್ಲ. ಎರಡನೆಯವನು ಪಿಚರ್ ಕೈ ಎತ್ತುವ ಮೊದಲೇ ಗ್ಲೌಸನ್ನು ನೆಲಕ್ಕೆ ತಾಗಿಸಿ ಸಡಿಲ ಬಿಡ್ತಿದ್ದ, ಚೆಂಡು ಬಂದಾಗ ಕೆಳಗಿನಿಂದ ಮೇಲಕ್ಕೆ ಮೆತ್ತಗೆ ತೆಗೆದುಕೊಂಡು ಮಂಡಿ ಹತ್ತಿರ ನಿಲ್ಲಿಸ್ತಿದ್ದ. ಮಣಿಕಟ್ಟು ಒಂದಿಷ್ಟೂ ಬಾಗ್ತಿರಲಿಲ್ಲ. ಅವನಿಗೆ ಸ್ಟ್ರೈಕ್ ಸಿಗ್ತಿತ್ತು.

ಆರನೇ ಇನ್ನಿಂಗ್ಸ್‌ನಲ್ಲಿ ಥರ್ಡ್ ಬೇಸ್‌ನಲ್ಲಿ ಓಟಗಾರ, ಬ್ಯಾಟ್ಸ್‌ಮನ್‌ಗೆ ಎರಡು ಸ್ಟ್ರೈಕ್. ಇಲ್ಲಿ ನೆಲಕ್ಕೆ ಬಡಿಯುವ ಸ್ಲೈಡರ್ (ಕೊನೆಗೆ ತಿರುಗಿ ಇಳಿಯುವ ಪಿಚ್) ಹಾಕಿದರೆ ಬ್ಯಾಟ್ಸ್‌ಮನ್ ಬೀಸಿ ಔಟ್ ಆಗಬಹುದು, ಆದರೆ ಚೆಂಡು ಕ್ಯಾಚರ್‌ನ ದಾಟಿದರೆ ಒಂದು ರನ್ ಹೋಯ್ತು. ಜೋರು ಕೈಯವನ ಪಿಚರ್, ಕ್ಯಾಚರ್ ಕೇಳಿದ ಪಿಚ್‌ಗೆ ಬೇಡ ಅಂತ ಎರಡು ಸಲ ತಲೆ ಅಲ್ಲಾಡಿಸಿ ಕೊನೆಗೆ ಫಾಸ್ಟ್‌ಬಾಲ್ ಹಾಕಿದ, ಬ್ಯಾಟ್ಸ್‌ಮನ್ ಅದನ್ನು ಲೆಫ್ಟ್ ಫೀಲ್ಡ್‌ಗೆ ಹೊಡೆದ. ಎಂಟನೇ ಇನ್ನಿಂಗ್ಸ್‌ನಲ್ಲಿ ಇನ್ನೊಂದು ತಂಡಕ್ಕೂ ಅಂಥದೇ ಸ್ಥಿತಿ ಬಂತು. ಆ ಪಿಚರ್ ತಲೆ ಅಲ್ಲಾಡಿಸಲೇ ಇಲ್ಲ. ಸ್ಲೈಡರ್ ಪ್ಲೇಟ್ ಮುಂದಿನ ಮಣ್ಣಿಗೆ ಬಡಿಯಿತು, ಬ್ಯಾಟ್ಸ್‌ಮನ್ ಬೀಸಿದ, ಕ್ಯಾಚರ್ ಎರಡೂ ಮಂಡಿ ಊರಿ, ಗದ್ದ ಎದೆಗೆ ಒತ್ತಿ, ಭುಜ ಮುಂದಕ್ಕೆ ಬಾಗಿಸಿದ. ಚೆಂಡು ಎದೆಗೆ ಬಡಿದು ತೊಡೆ ಮುಂದೆಯೇ ಸತ್ತು ಬಿತ್ತು. ಎತ್ತಿಕೊಂಡು ಬ್ಯಾಟ್ಸ್‌ಮನ್ ಬೆನ್ನಿಗೆ ತಾಗಿಸಿದ. ಔಟ್.

ಆ ಎರಡನೇ ಹುಡುಗನ ಪಾಪ್ ಟೈಮ್ ಯಾವ ಪಟ್ಟಿಯಲ್ಲೂ ಮೇಲಿರೋದಿಲ್ಲ. ಆದರೆ ಅವನ ಪಿಚರ್ ಕೈಯಲ್ಲಿ ಒಂದು ಅಸ್ತ್ರ ಜಾಸ್ತಿ ಇತ್ತು, ಅದು ಇವನಿಂದ ಬಂದದ್ದು.

2026ರಿಂದ ಬದಲಾದದ್ದು

2026ರ ಸೀಸನ್‌ನಿಂದ ಮೇಜರ್ ಲೀಗ್‌ನಲ್ಲಿ ಸ್ಟ್ರೈಕ್-ಬಾಲ್ ತೀರ್ಪಿಗೆ ಚಾಲೆಂಜ್ ಬಂದಿದೆ. ಒಂದೊಂದು ತಂಡಕ್ಕೆ ಎರಡು ಚಾಲೆಂಜ್, ಗೆದ್ದರೆ ಅದು ಉಳಿಯುತ್ತೆ. ಕೇಳಬಹುದಾದವರು ಬ್ಯಾಟ್ಸ್‌ಮನ್, ಪಿಚರ್, ಕ್ಯಾಚರ್ ಮೂವರೇ. ಡಗ್‌ಔಟ್‌ನಲ್ಲಿ ಕೂತವರಿಗೆ ಅವಕಾಶ ಇಲ್ಲ. ಟೋಪಿ ಅಥವಾ ಹೆಲ್ಮೆಟ್ ತಟ್ಟಿ ಕೂಡಲೇ ಕೇಳಬೇಕು.

ಹಾಗಾದರೆ ಫ್ರೇಮಿಂಗ್ ಸತ್ತೇ ಹೋಯ್ತಾ? ಇಲ್ಲ. ಬಹುಪಾಲು ಪಿಚ್‌ಗಳನ್ನು ಈಗಲೂ ಅಂಪೈರೇ ಹೇಳೋದು. ಆದರೆ ಬರೀ ಫ್ರೇಮಿಂಗ್ ಮೇಲೆ ನಿಂತ ಹುಡುಗನ ಬೆಲೆ ಸ್ವಲ್ಪ ಇಳಿಯುತ್ತೆ, ಬ್ಲಾಕಿಂಗ್ (ನೆಲಕ್ಕೆ ಬಡಿದ ಚೆಂಡನ್ನು ಮೈಯೊಡ್ಡಿ ತಡೆಯೋದು) ಮತ್ತು ಥ್ರೋ ಬೆಲೆ ಏರುತ್ತೆ. ಇನ್ನೊಂದು ಹೊಸ ಗುಣವೂ ಸೇರಿಕೊಂಡಿದೆ: ಯಾವ ಪಿಚ್ ನಿಜವಾಗಿ ಝೋನ್ ಮುಟ್ಟಿತು ಅಂತ ಆ ಕ್ಷಣದಲ್ಲೇ ಹೇಳುವ ಕಣ್ಣು. ಪ್ರಯೋಗದ ಹಂತದಲ್ಲೇ ಪಿಚರ್‌ಗಳಿಗಿಂತ ಕ್ಯಾಚರ್‌ಗಳ ಚಾಲೆಂಜ್ ಜಾಸ್ತಿ ಗೆದ್ದಿತ್ತು. ಇಬ್ಬರು ಹುಡುಗರು ಸರಿಸಮ ಅನಿಸಿದರೆ ನಾನು ಈಗ ಇದನ್ನೇ ನೋಡೋದು: ಅಂಪೈರ್ ಬಾಲ್ ಅಂದಾಗ ಪ್ರತಿ ಸಲ ಮುಖ ಸಿಂಡರಿಸ್ತಾನಾ, ಅಥವಾ ಅನ್ಯಾಯ ಆದಾಗ ಮಾತ್ರ ಎರಡು ಕ್ಷಣ ಗ್ಲೌಸ್ ಅಲ್ಲೇ ಹಿಡಿದಿಡ್ತಾನಾ.

ಪಿಚ್ ಯಾರು ಕರೀತಾರೆ, ಅಂದರೆ ಮುಂದಿನ ಪಿಚ್ ಯಾವುದು ಅಂತ ಯಾರು ಹೇಳ್ತಾರೆ ಅನ್ನೋದನ್ನೂ ಕೇಳಿ ತಿಳಿದುಕೊಳ್ಳಿ. ಕಾಲೇಜುಗಳಲ್ಲಿ ಹೆಚ್ಚಾಗಿ ಕೋಚ್ ಡಗ್‌ಔಟ್‌ನಿಂದಲೇ ಹೇಳ್ತಾರೆ, ಹುಡುಗ ಬರೀ ದಾಟಿಸ್ತಾನೆ. ಅಂಥವನು ಮೈನರ್ ಲೀಗ್‌ಗೆ ಬಂದಾಗ ಅಲ್ಲಿಂದಲೇ ಕಲಿಕೆ ಶುರು.

ಬ್ಯಾಟ್ ಎಷ್ಟಿದ್ದರೆ ಸಾಕು

ಸ್ಕೌಟ್‌ಗಳು 20ರಿಂದ 80ರವರೆಗೆ ಅಂಕ ಕೊಡ್ತಾರೆ, 50 ಅಂದರೆ ಮೇಜರ್ ಲೀಗ್ ಸರಾಸರಿ. ಬೇರೆ ಜಾಗದವನಿಗೆ 40 ಅಂಕದ ಬ್ಯಾಟ್ ಇದ್ದರೆ ಕಷ್ಟ. ಕ್ಯಾಚರ್‌ಗೆ ಅದರಲ್ಲೇ ಬದುಕು ಸಾಗುತ್ತೆ. ಜೆಫ್ ಮ್ಯಾಥಿಸ್ ಬ್ಯಾಟಿಂಗ್ ಸರಾಸರಿ .194. ಆದರೂ ಅವರು 2005ರಿಂದ 2021ರವರೆಗೆ 17 ಸೀಸನ್ ಆಡಿದರು. ಆಸ್ಟಿನ್ ಹೆಜಸ್ ಕೂಡ ಇದೇ ದಾರಿಯವರು. ಪ್ಯಾಟ್ರಿಕ್ ಬೇಲಿ 2020ರಲ್ಲಿ ಜೈಂಟ್ಸ್‌ನ ಮೊದಲ ಆಯ್ಕೆ, ಒಟ್ಟಾರೆ 13ನೆಯವರು. ಬ್ಯಾಟ್ ಸಾಧಾರಣ, ಗ್ಲೌಸ್ ಕೆಲಸ ಅದ್ಭುತ, 2024ರಲ್ಲಿ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌ ಪ್ರಶಸ್ತಿ ಬಂತು.

ಇನ್ನೊಂದು ತುದಿಯಲ್ಲಿ ಬ್ಯಾಟ್ ತುಂಬ ಜೋರಾಗಿರುವ ಹುಡುಗರು. ಬ್ರೈಸ್ ಹಾರ್ಪರ್ ಕಾಲೇಜಿನಲ್ಲಿ ಕ್ಯಾಚರ್. 2010ರಲ್ಲಿ ಮೊದಲ ಆಯ್ಕೆ ಮಾಡಿದ ವಾಷಿಂಗ್ಟನ್ ಅವರನ್ನು ಔಟ್‌ಫೀಲ್ಡರ್ ಅಂತಲೇ ತೆಗೆದುಕೊಂಡಿತು, 19ನೇ ವಯಸ್ಸಿಗೇ ಮೇಲೆ ತಂದಿತು. ಪ್ಲೇಟ್ ಹಿಂದೆ ಕೂರಿಸಿದ್ದರೆ ಇನ್ನೂ ಕೆಲವು ವರ್ಷ ಬೇಕಾಗ್ತಿತ್ತು, ಮಂಡಿಯೂ ಸವೀತಿತ್ತು. ಕೈಲ್ ಶ್ವಾರ್ಬರ್ 2014ರಲ್ಲಿ ಕಬ್ಸ್‌ನ ನಾಲ್ಕನೇ ಆಯ್ಕೆ. ಗ್ಲೌಸ್ ಕೆಲಸ ಸಾಲಲಿಲ್ಲ, ಆದರೆ ಬ್ಯಾಟ್ ಎಲ್ಲಿ ನಿಲ್ಲಿಸಿದರೂ ಸಾಕಾಗುವಷ್ಟಿತ್ತು, 2025ರಲ್ಲಿ 56 ಹೋಮ್ ರನ್ ಹೊಡೆದರು.

ಅಪಾಯ ಇರೋದು ಈ ಎರಡರ ನಡುವಿನವನಲ್ಲಿ. ಗ್ಲೌಸ್ 45, ಬ್ಯಾಟ್ 50. ಕಾಗದದ ಮೇಲೆ ಚೆನ್ನಾಗಿ ಕಾಣ್ತಾನೆ. ಕ್ಯಾಚರ್ ಆಗಿ ಉಳಿಯದಿದ್ದರೆ ಅವನಿಗೆ ಬೇರೆ ಜಾಗವೇ ಇಲ್ಲ. 2021ರಲ್ಲಿ ಪಿಟ್ಸ್‌ಬರ್ಗ್ ಮೊಟ್ಟಮೊದಲ ಆಯ್ಕೆ ಮಾಡಿದ ಹೆನ್ರಿ ಡೇವಿಸ್‌ಗೆ ಕಾಲೇಜಿನಲ್ಲಿ ಜೋರು ಬ್ಯಾಟು, ಜೋರು ಕೈ ಎರಡೂ ಇತ್ತು. 2023ರಲ್ಲಿ ಮೇಲೆ ಬಂದಾಗ ಹೆಚ್ಚಾಗಿ ನಿಲ್ಲಿಸಿದ್ದು ರೈಟ್ ಫೀಲ್ಡ್‌ನಲ್ಲಿ. ಆಮೇಲೆ ಮತ್ತೆ ಪ್ಲೇಟ್ ಹಿಂದೆ.

ಬ್ಯಾಟ್ ನೋಡುವಾಗ ಹೋಮ್ ರನ್ ಎಣಿಸೋದು ಬಿಡಿ, ವಾಕ್ (ನಾಲ್ಕು ಬಾಲ್ ಆದಾಗ ಸಿಗುವ ಬಿಟ್ಟಿ ಬೇಸ್) ಎಷ್ಟು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಎಷ್ಟು ಅಂತ ನೋಡಿ. 2019ರ ಮೊದಲ ಆಯ್ಕೆ ಆಡ್ಲಿ ರಟ್ಷ್‌ಮನ್ ಆ ವರ್ಷ ಓರೆಗನ್ ಸ್ಟೇಟ್‌ಗೆ 76 ವಾಕ್ ತೆಗೆದುಕೊಂಡು 38 ಸಲ ಮಾತ್ರ ಸ್ಟ್ರೈಕ್‌ಔಟ್ ಆಗಿದ್ದರು. ಜೋ ಮಾವರ್ ಹೈಸ್ಕೂಲ್‌ನ ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಸಲ ಸ್ಟ್ರೈಕ್‌ಔಟ್ ಆದವರು. ಪ್ಲೇಟ್ ಹಿಂದೆ ದಿನಾ ಕೂತು ಮೈ ದಣಿದಾಗ ಹೊಡೆತದ ಜೋರು ಕಮ್ಮಿ ಆಗುತ್ತೆ. ಕಣ್ಣು ಚೆನ್ನಾಗಿದ್ದರೆ ಆಗಲೂ ಬೇಸ್ ತಲುಪೋಕೆ ದಾರಿ ಇರುತ್ತೆ.

ಹೈಸ್ಕೂಲ್, ಕಾಲೇಜು, ಹದಿನಾರರ ಹುಡುಗ

ಸರಿಸಮ ಅನಿಸಿದ ಇಬ್ಬರಲ್ಲಿ ಒಬ್ಬ ಹೈಸ್ಕೂಲ್, ಒಬ್ಬ ಕಾಲೇಜು ಆದರೆ ನಾನು ಕಾಲೇಜಿನವನನ್ನೇ ಆರಿಸ್ತೇನೆ. ಹದಿನೆಂಟರ ಹುಡುಗನ ಮೈ ಇನ್ನೂ ಬೆಳೀತಿರುತ್ತೆ. ಅವನು ಹೈಸ್ಕೂಲ್‌ನಲ್ಲಿ ಹಿಡಿದ ಪಿಚ್‌ಗಳಿಗೂ 95 ಮೈಲಿ ವೇಗದಲ್ಲಿ ಬಂದು ಕೊನೆಗೆ ತಿರುಗುವ ಪಿಚ್‌ಗಳಿಗೂ ಅಜಗಜಾಂತರ. ಕಾಲೇಜಿನವನು ಮೂರು ವರ್ಷ ಗಟ್ಟಿ ಪಿಚರ್‌ಗಳನ್ನು ಹಿಡಿದಿರ್ತಾನೆ, ನಮಗೂ ನೋಡೋಕೆ ಮೂರು ವರ್ಷದ ಆಟ ಇರುತ್ತೆ.

ಮಾವರ್ ಇದಕ್ಕೆ ದೊಡ್ಡ ಅಪವಾದ. 2001ರಲ್ಲಿ ಮಿನೆಸೋಟಾ ಟ್ವಿನ್ಸ್ ಸೇಂಟ್ ಪಾಲ್‌ನ ಹೈಸ್ಕೂಲ್‌ನಿಂದಲೇ ಅವರನ್ನು ಮೊದಲ ಆಯ್ಕೆ ಮಾಡಿತು, ಮೂರು ಬ್ಯಾಟಿಂಗ್ ಕಿರೀಟ ಗೆದ್ದರು, 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಆದರೆ ಅಂಥವರನ್ನು ಹುಡುಕ್ತಾ ಹೋದರೆ ಕೈಗೆ ಸಿಗೋದು ಹೆಚ್ಚಾಗಿ ಸ್ಕಿಪ್‌ವರ್ತ್. ಮಾವರ್ ಕತೆಯಲ್ಲೂ ಒಂದು ನೋವಿದೆ. 2013ರ ಆಗಸ್ಟ್‌ನಲ್ಲಿ ತಲೆಗೆ ಪೆಟ್ಟಾಗಿ 2014ರಿಂದ ಫಸ್ಟ್ ಬೇಸ್‌ಗೆ ಹೋಗಬೇಕಾಯಿತು. ಆಮೇಲೆ ಅವರ ಬ್ಯಾಟ್ ಮೊದಲಿನ ಹಾಗೆ ಆಗಲೇ ಇಲ್ಲ.

ಲ್ಯಾಟಿನ್ ಅಮೆರಿಕದ ಹುಡುಗರಿಗೆ ಡ್ರಾಫ್ಟ್ ಇಲ್ಲ, ಹದಿನಾರಕ್ಕೇ ಸಹಿ. ವೆನೆಜುವೆಲಾದ ಸಾಲ್ವಡೋರ್ ಪೆರೆಸ್ 2006ರಲ್ಲಿ ಕ್ಯಾನ್ಸಸ್ ಸಿಟಿಗೆ ಸಹಿ ಹಾಕಿ 2011ರಲ್ಲಿ ಮೇಲೆ ಬಂದರು, 2015ರಲ್ಲಿ ವರ್ಲ್ಡ್ ಸೀರೀಸ್ ಎಂವಿಪಿ. ಈಥನ್ ಸಾಲಸ್‌ಗೆ ಸ್ಯಾನ್ ಡಿಯಾಗೋ 2023ರ ಜನವರಿಯಲ್ಲಿ 56 ಲಕ್ಷ ಡಾಲರ್ ಕೊಟ್ಟಿತು, ಅದೇ ವರ್ಷ ಹದಿನೇಳಕ್ಕೆ ಡಬಲ್-ಎ (ಮೇಜರ್‌ಗಿಂತ ಎರಡು ಮೆಟ್ಟಿಲು ಕೆಳಗೆ) ತಲುಪಿಸಿತು. ಗ್ಲೌಸ್ ವಯಸ್ಸಿಗೆ ಮೀರಿ ಪಳಗಿದೆ. ಬ್ಯಾಟ್‌ಗೆ ಅಷ್ಟು ಅವಸರ ಮಾಡಿದ್ದು ನನಗೆ ಸರಿ ಕಾಣಲಿಲ್ಲ, 2025ರಲ್ಲಿ ಬೆನ್ನಿನ ತೊಂದರೆಯೂ ಬಂತು. ಹದಿನಾರರ ಕ್ಯಾಚರ್ ಬಗ್ಗೆ ಐದಾರು ವರ್ಷ ಕಾಯೋಕೆ ತಯಾರಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಿ.

ಬೇರೆ ಜಾಗದಿಂದ ಬಂದವರನ್ನು ಮರೀಬೇಡಿ. ಪೋಸಿ ಕಾಲೇಜಿಗೆ ಬಂದಾಗ ಶಾರ್ಟ್‌ಸ್ಟಾಪ್, ಎರಡನೇ ವರ್ಷ ಕ್ಯಾಚರ್ ಆದರು. ರಿಯಲ್‌ಮ್ಯೂಟೊ ಹೈಸ್ಕೂಲ್‌ನಲ್ಲಿ ಶಾರ್ಟ್‌ಸ್ಟಾಪ್. ಮೈಕ್ ಪಿಯಾಟ್ಸಾ ಫಸ್ಟ್ ಬೇಸ್ ಆಡ್ತಿದ್ದವರು, 1988ರಲ್ಲಿ 62ನೇ ಸುತ್ತಿನಲ್ಲಿ 1,390ನೇ ಹೆಸರು, ಅದೂ ಕುಟುಂಬದ ಗೆಳೆಯರಾಗಿದ್ದ ಟಾಮಿ ಲಸೋರ್ಡಾ ಮಾತಿನಿಂದ. 2016ರಲ್ಲಿ ಹಾಲ್ ಆಫ್ ಫೇಮ್. ಇನ್‌ಫೀಲ್ಡ್‌ನಲ್ಲಿ ಕಾಲು ಚುರುಕಾಗಿದ್ದು, ಕೈ ಮೆತ್ತಗಿದ್ದು, ಓಟ ಮಾತ್ರ ಸಾಲದ ಹುಡುಗನ ಮೇಲೆ ಒಂದು ಕಣ್ಣಿಡಿ. ಮಂಡಿ ಹೊಸದಾಗಿರುತ್ತೆ, ಇದು ಸಣ್ಣ ಲಾಭ ಅಲ್ಲ. ನಿಮ್ಮ ಮಗ ಎಡಗೈಯಲ್ಲಿ ಎಸೆಯುವವನಾದರೆ ಮಾತ್ರ ಈ ಜಾಗದ ಆಸೆ ಬೇಡ, ಮೇಜರ್ ಲೀಗ್‌ನಲ್ಲಿ 1989ರ ಬೆನ್ನಿ ಡಿಸ್ಟೆಫಾನೊ ಆದಮೇಲೆ ಎಡಗೈ ಕ್ಯಾಚರ್ ಬಂದಿಲ್ಲ.

ಇಷ್ಟೆಲ್ಲ ನೋಡಿದರೂ ತಪ್ಪಾಗುತ್ತೆ. 2018ರಲ್ಲಿ ಜೈಂಟ್ಸ್ ಎರಡನೇ ಆಯ್ಕೆಯಾಗಿ ಜೋಯಿ ಬಾರ್ಟ್‌ರನ್ನು ತೆಗೆದುಕೊಂಡಾಗ ನನಗೂ ಸಂತೋಷ ಆಗಿತ್ತು. ಜಾರ್ಜಿಯಾ ಟೆಕ್‌ನಲ್ಲಿ ಪಿಚ್‌ಗಳನ್ನು ತಾವೇ ಕರೀತಿದ್ದವರು, ಕೈ ಜೋರು, ಮೈಕಟ್ಟು ಸರಿ. ಮೇಜರ್ ಲೀಗ್‌ನಲ್ಲಿ ಸ್ಟ್ರೈಕ್‌ಔಟ್‌ಗಳು ಏರಿದವು, 2024ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್‌ಗೆ ಕಳಿಸಿದರು. ಅದೇ ಡ್ರಾಫ್ಟ್‌ನಲ್ಲಿ 89 ಹೆಸರು ಕರೆದ ಮೇಲೆ ಸಿಯಾಟಲ್ ಕರೆದದ್ದು ಕ್ಯಾಲ್ ರಾಲಿ. ಎರಡೂ ಕಡೆಯಿಂದ ಬ್ಯಾಟ್ ಬೀಸುವ, ಕಾಲೇಜ್ ಕೋಚ್ ಒಬ್ಬರ ಮಗ. 2025ರಲ್ಲಿ 60 ಹೋಮ್ ರನ್ ಹೊಡೆದು, ಕ್ಯಾಚರ್‌ಗಳಲ್ಲಿ ಪೆರೆಸ್ ಅವರ 48ರ ದಾಖಲೆ ಮುರಿದರು. 2018ರಲ್ಲಿ ಈ ಅರವತ್ತನ್ನು ಯಾರೂ ಕಂಡಿರಲಿಲ್ಲ. ಆದರೆ ಇವನು ಕ್ಯಾಚರ್ ಆಗಿ ಉಳೀತಾನೆ, ಸ್ವಲ್ಪ ಜೋರಾಗಿಯೂ ಹೊಡೀತಾನೆ ಅನ್ನೋದಷ್ಟನ್ನು ಕಾಣಬಹುದಿತ್ತು.

ಈ ಜುಲೈಯಲ್ಲಿ ಇಬ್ಬರ ನಡುವೆ ತೂಗಬೇಕಾದರೆ ಒಂದು ಕೆಲಸ ಮಾಡಿ. ಪ್ರದರ್ಶನ ಶಿಬಿರದ ವಿಡಿಯೋ ಬಿಟ್ಟು ಒಂದು ಪೂರ್ತಿ ಪಂದ್ಯದ ವಿಡಿಯೋ ಹುಡುಕಿ, ಅದರಲ್ಲೂ ಎರಡನೇ ದಿನ ಸತತವಾಗಿ ಆಡಿದ ಪಂದ್ಯ ಸಿಕ್ಕಿದರೆ ಒಳ್ಳೆಯದು. ಏಳನೇ ಇನ್ನಿಂಗ್ಸ್‌ನಿಂದ ನೋಡಿ. ಓಟಗಾರ ಥರ್ಡ್ ಬೇಸ್‌ನಲ್ಲಿದ್ದಾಗ ಪಿಚರ್ ಚೆಂಡನ್ನು ನೆಲಕ್ಕೆ ಬಡಿಯುವ ಧೈರ್ಯ ಮಾಡ್ತಾನಾ ನೋಡಿ.